ಬಹಿರಂಗಕೀಲಿ ಗೂಢಲಿಪಿಯ ಎರಡು ಅನ್ಯಮಾರ್ಗಗಳು

ಗೂಢಲೇಖನವು ಪುರಾತನವಾದ ವಿದ್ಯೆ. ವಾತ್ಸ್ಯಾಯನನ ಕಾಮಸೂತ್ರವು ಅರುವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವನ್ನೂ ಎಣಿಸಿರುವುದು. ಆದರೆ ಬರೆಯುವವನೂ ಓದುವವನೂ ಒಂದೇ ಕೀಲಿಯನ್ನು ಮುಂಚಿತವಾಗಿ ರಹಸ್ಯದಲ್ಲಿ ಹಂಚಿಕೊಂಡಿರಬೇಕೆಂಬ ನಿರ್ಬಂಧವು ಬಹುಕಾಲ ಉಳಿದಿತ್ತು. ಮುಚ್ಚುವ ಕೀಲಿಯನ್ನು ಲೋಕಕ್ಕೆಲ್ಲ ಸಾರಿ, ತೆರೆಯುವ ಕೀಲಿಯನ್ನು ಮಾತ್ರ ಬಚ್ಚಿಟ್ಟುಕೊಳ್ಳಬಹುದೆಂಬ ತತ್ತ್ವವನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಮಹಾಸಂಖ್ಯೆಯನ್ನು ಅದರ ಅವಿಭಾಜ್ಯಗಳಾಗಿ ಒಡೆಯುವ ಕಷ್ಟವನ್ನೇ ಆಧಾರವಾಗಿಟ್ಟುಕೊಂಡು ರಚಿಸಿದ ಪದ್ಧತಿಯು ಕ್ರಮೇಣ ರಾಜಮಾರ್ಗವೆನಿಸಿತು.

1978ರಲ್ಲಿ ಪ್ರಕಟವಾದ ಬೇರೆ ಎರಡು ಮಾರ್ಗಗಳ ಗತಿಯು ವಿಚಾರಾರ್ಹವಾಗಿದೆ. ಮೊದಲನೆಯದು ಮರ್ಕಲ್ ಮತ್ತು ಹೆಲ್‌ಮನ್ನರ ಸಂಚಿಯ ಪದ್ಧತಿ. ಕೊಟ್ಟ ಮೊತ್ತವು ಯಾವ ಯಾವ ಸಂಖ್ಯೆಗಳನ್ನು ಕೂಡಿದುದೆಂದು ಕಂಡುಹಿಡಿಯುವ ಕಷ್ಟವೇ ಇದರ ಆಧಾರ. ಎರಡನೆಯದು ಮೆಕ್‌ಎಲೀಸನದು. ಇಲ್ಲಿ ದೋಷಪರಿಹಾರಕ ಸಂಕೇತವೊಂದನ್ನು ವೇಷಮರೆಸಿ ಪ್ರಕಟಿಸಲಾಗುವುದು; ಕಳುಹಿಸುವವನು 1024 ಅಂಕಗಳ ಸಂದೇಶದಲ್ಲಿ ಬುದ್ಧಿಪೂರ್ವಕವಾಗಿ 50 ತಪ್ಪುಗಳನ್ನು ಬೆರೆಸುವನು. ಸಂಕೇತದ ನಿಜರೂಪವನ್ನು ಬಲ್ಲವನಲ್ಲದೆ ಮತ್ತಾರೂ ಅವನ್ನು ಸುಲಭವಾಗಿ ತಿದ್ದಲಾರರು.

ಎರಡು ಸಮಸ್ಯೆಗಳೂ ಸಾಮಾನ್ಯರೂಪದಲ್ಲಿ ದುಸ್ಸಾಧ್ಯವೆಂದೇ ಗಣ್ಯವಾದುವು. ಆದರೂ 1982ರಲ್ಲಿ ಶಮೀರನು ಸಂಚಿಯ ಮೂಲ ಪದ್ಧತಿಯನ್ನು ಭೇದಿಸಿದನು. ಸಾಮಾನ್ಯ ಸಮಸ್ಯೆಯ ಕಾಠಿನ್ಯವು ವೇಷಮರೆಸಿದ ಸುಲಭ ಸಮಸ್ಯೆಗೆ ರಕ್ಷೆಯಾಗಲಿಲ್ಲ. ಮೆಕ್‌ಎಲೀಸನ ಮಾರ್ಗವಾದರೋ ಭೇದಕ್ಕೆ ಒಳಗಾಗದಿದ್ದರೂ ಅನಾದರಕ್ಕೆ ಪಾತ್ರವಾಯಿತು. ಅದರ ಬಹಿರಂಗಕೀಲಿಯು 524 ಸಾಲು, 1024 ಕಂಬಗಳ ಕೋಷ್ಟಕ. ಎಂದರೆ ಐದು ಲಕ್ಷಕ್ಕೂ ಮಿಕ್ಕ ಅಂಕಗಳು. ರಾಜಮಾರ್ಗದ ಕೀಲಿಗೆ ಅಂದು ಕೆಲವು ನೂರು ಅಂಕಗಳೇ ಸಾಕಾಗಿದ್ದುವು.

1994ರಲ್ಲಿ ಪೀಟರ್ ಶೋರನು, ಕ್ವಾಂಟಮ್ ಗಣಕಯಂತ್ರವು ಸಿದ್ಧಿಸಿದಲ್ಲಿ ಮಹಾಸಂಖ್ಯೆಗಳನ್ನು ಶೀಘ್ರವಾಗಿ ಒಡೆಯಬಹುದೆಂದು ತೋರಿಸಿದನು. ರಾಜಮಾರ್ಗದ ತಳಹದಿಯೇ ಅಲುಗಿತು. ಶೋರನ ಕ್ರಮವು ಸಂಕೇತಮಾರ್ಗಕ್ಕೆ ತಗಲುವುದಿಲ್ಲ. 2008ರಲ್ಲಿ ಮೆಕ್‌ಎಲೀಸನ ಮೂಲ ಪ್ರಮಾಣಗಳು ಸಾಧಾರಣ ಗಣಕಯಂತ್ರಗಳಿಂದಲೇ ಭೇದ್ಯವೆಂದು ಸಿದ್ಧವಾಯಿತು. ಆದರೆ ಪ್ರಮಾಣವನ್ನು ಹಿಗ್ಗಿಸಿದರೆ ಪದ್ಧತಿಯು ನಿಲ್ಲುವುದು. 2025ರ ಮಾರ್ಚಿಯಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಇದೇ ಸಂಕೇತಶಾಸ್ತ್ರವನ್ನು ಆಶ್ರಯಿಸಿದ ಎಚ್‌ಕ್ಯೂಸಿ ಎಂಬ ಬೇರೊಂದು ಪದ್ಧತಿಯನ್ನು ಆರಿಸಿತು.

ಇದರಿಂದ ಸಿದ್ಧವಾಗುವುದಿಷ್ಟು: ಅನುಕೂಲತೆಯು ಬಲಕ್ಕೆ ಪ್ರಮಾಣವಲ್ಲ, ಅನಾದರವು ದೌರ್ಬಲ್ಯಕ್ಕೆ ಸಾಕ್ಷಿಯಲ್ಲ. ಗೂಢಲಿಪಿಗೆ ದೀರ್ಘಕಾಲದ ಪ್ರತಿಪಕ್ಷಪರೀಕ್ಷೆಯೇ ನಿಕಷ. ಆ ಪರೀಕ್ಷೆಯಾದರೂ ಎಂದಿಗೂ ಮುಗಿದುದೆಂದು ಹೇಳಲಾಗದು.