ಟ್ರಂಕಿನೊಳಗಿನ ಎಲುಬಿನ ಚಿತ್ರ

ಪುರ್ತಗೇರಿಯ ನಮ್ಮ ಮನೆಯಲ್ಲಿ ಕಾಕಾನ ಮಿಲಿಟರಿ ಟ್ರಂಕೊಂದಿತ್ತು. ಅದರ ತಳದಲ್ಲಿ ಒಂದು ಕಂದು ಲಕೋಟೆ, ಲಕೋಟೆಯೊಳಗೆ ಅವನ ಎಡಮೊಣಕಾಲಿನ ಎಕ್ಸ್‌ರೇ ಫಿಲ್ಮು. ಸೂರ್ಯಗ್ರಹಣ ನೋಡಲಿಕ್ಕೆ ನಾವು ಹುಡುಗರು ಅದನ್ನು ಕೇಳಿದರೆ ಗದರುತ್ತಿದ್ದ: "ಮುಟ್ಟಬ್ಯಾಡ್ರೋ. ನನ್ನ ಪೆನ್ಷನ್ ಅದರಾಗ ಐತಿ."

ಒಂದು ಮಳೆಗಾಲ ಮಾಳಿಗೆ ಸೋರಿತು. ಫಿಲ್ಮಿನ ಮೂಲೆಗೆ ಅಂಟಿಸಿದ್ದ ಹೆಸರು, ನಂಬರಿನ ಚೀಟಿ ಕರಗಿಹೋಯಿತು. ಮುಂದೆ ಅಂಗವೈಕಲ್ಯ ಪಿಂಚಣಿ ಕೇಳಲು ಹೋದಾಗ ಕಚೇರಿಯವರು ಫಿಲ್ಮನ್ನು ಬೆಳಕಿಗೆ ಹಿಡಿದು, "ಇದು ಯಾರ ಕಾಲು?" ಎಂದರಂತೆ. ಕಾಕಾ ಮಾತಾಡದೆ ಬಸ್ಸು ಹತ್ತಿ ವಾಪಸು ಬಂದ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಈ ಇತಿಹಾಸ ಓದತೊಡಗಿದೆ.

ಜರ್ಮನಿಯ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡದ್ದು 1895ರ ನವೆಂಬರಿನಲ್ಲಿ. ಎರಡೇ ವರ್ಷದಲ್ಲಿ ಅವು ನಮ್ಮ ಉಪಖಂಡದ ಯುದ್ಧಭೂಮಿಗೆ ಬಂದವು. 1897-98ರ ತೀರಾಹ್ ದಂಡಯಾತ್ರೆಯಲ್ಲಿ ಬ್ರಿಟಿಷ್ ಸೇನೆಯ ವೈದ್ಯ ವಾಲ್ಟರ್ ಬೀವರ್ ವಾಯವ್ಯ ಗಡಿಯ ಬೆಟ್ಟಗಳಿಗೆ ಯಂತ್ರ ಒಯ್ದು, ಗಾಯಾಳುಗಳ ಮೈಯೊಳಗಿನ ಗುಂಡುಗಳನ್ನು ಹುಡುಕಿದ. 1898ರಲ್ಲಿ ಸುಡಾನಿನ ಮರಳುಗಾಡಿನಲ್ಲಿ ಮೇಜರ್ ಬ್ಯಾಟರ್ಸ್‌ಬಿ, ಸೈಕಲ್ ತುಳಿಸಿ ಡೈನಮೋ ತಿರುಗಿಸಿ ಬ್ಯಾಟರಿ ತುಂಬಿಸಿಕೊಂಡ.

ಹೀಗೆ ಯಂತ್ರವೇನೋ ಸೈನಿಕನಿದ್ದಲ್ಲಿಗೆ ಹೋಯಿತು. ಚಿತ್ರ ಮಾತ್ರ ಒಂದೇ ಪ್ರತಿ. ಕತ್ತಲಕೋಣೆಯಲ್ಲಿ ತೊಳೆದು ಒಣಗಿಸಿದ ಆ ಹಾಳೆ ರೋಗಿಯ ಕಂಕುಳಲ್ಲಿ ರೈಲು ಹತ್ತಬೇಕಿತ್ತು. ಕಳೆದರೆ ಕಳೆದಂತೆ, ನೆನೆದರೆ ನೆನೆದಂತೆ.

ಕಂಪ್ಯೂಟರಿಗೆ ಚಿತ್ರ ಬಂದ ಮೇಲೂ ಒಂದು ಕಂಪನಿಯ ಯಂತ್ರದ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅಮೆರಿಕದ ರೇಡಿಯಾಲಜಿಸ್ಟರೂ ಯಂತ್ರ ತಯಾರಕರೂ 1983ರಲ್ಲಿ ಕೂಡಿ ಕೂತು ಕೆಲಸ ಹಿಡಿದರು; ಅದರ ಫಲವಾಗಿ 1993ರಲ್ಲಿ ಡೈಕಾಮ್ ಎಂಬ ಸಾಮಾನ್ಯ ನಿಯಮ ಬಂತು. ಅದರಲ್ಲಿ ರೋಗಿಯ ಹೆಸರು, ನಂಬರು, ತಾರೀಖು ಚಿತ್ರದ ಕಡತದೊಳಗೇ ಇರುತ್ತವೆ. ಮಳೆಗೆ ಕರಗುವ ಚೀಟಿ ಬೇಕಿಲ್ಲ. ಇದನ್ನು ಬೇಗ ಕೈಗೆತ್ತಿಕೊಂಡವರಲ್ಲಿ ಸೇನೆಗಳೂ ಇದ್ದವು. 1990ರ ದಶಕದಲ್ಲಿ ಬೋಸ್ನಿಯಾದಲ್ಲಿದ್ದ ಅಮೆರಿಕದ ಸೈನಿಕರ ಚಿತ್ರಗಳನ್ನು ಜರ್ಮನಿಯ ಲ್ಯಾಂಡ್‌ಸ್ಟೂಲ್ ಸೇನಾ ಆಸ್ಪತ್ರೆಯ ವೈದ್ಯರು ಕೂತಲ್ಲೇ ನೋಡುವಂತಾಯಿತು.

ನಮ್ಮಲ್ಲಿ ದೂರವೈದ್ಯ ನಾಗರಿಕರ ಬಾಗಿಲಿಗೂ ಬಂತು. 2002ರಲ್ಲಿ ಇಸ್ರೋದ ಉಪಗ್ರಹ ಸಂಪರ್ಕವು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಕಾಡಂಚಿನ ರೋಗಿ ಊರು ಬಿಡುವ ಮೊದಲೇ ಅವನ ಚಿತ್ರ ತಜ್ಞರ ಮುಂದೆ ಬಂದಿರುತ್ತಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ಶುರುವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್‌ನ ವೈದ್ಯರು, ಅಮೆರಿಕದಲ್ಲಿ ರಾತ್ರಿಯಾಗಿರುವಾಗ ಇಲ್ಲಿ ಹಗಲಿನಲ್ಲಿ ಕೂತು ಅಲ್ಲಿನ ತುರ್ತು ಚಿತ್ರಗಳನ್ನು ಓದತೊಡಗಿದರು.

ಹೆಸರು ತಪ್ಪಾಗಿ ಒತ್ತಿದರೆ ಆ ತಪ್ಪೂ ಅಷ್ಟೇ ವೇಗದಲ್ಲಿ ಹೋಗುತ್ತದೆ ಎಂಬುದೂ ನಿಜ. ಆದರೂ ಚಿತ್ರಕ್ಕೂ ಮನುಷ್ಯನಿಗೂ ನಡುವಿನ ಗಂಟು ಈಗ ಮೊದಲಿಗಿಂತ ಬಿಗಿ.

ಕಾಕಾ ತೀರಿಕೊಂಡ ಮೇಲೆ ಹಳೆಯ ಫಿಲ್ಮಿನ ಬೆಳ್ಳಿಗಾಗಿ ಗುಜರಿಯವನು ಬಂದು ಕೇಳಿದ. ಕಾಕಿ ಕೊಡಲಿಲ್ಲ. "ಹೆಸರು ಹೋದರ ಹೋಗ್ಲಿ, ಕಾಲು ಅವರದ ಐತಿ" ಎಂದಳು.