ಮಧ್ಯಂತರದ ಕುಣಿಯುವ ತಿಂಡಿಗಳು

ಶಿಕಾಗೋದ ಫಿಲ್ಮ್ಯಾಕ್ ಸ್ಟುಡಿಯೋ ತಯಾರಿಸಿದ ‘ಲೆಟ್ಸ್ ಆಲ್ ಗೋ ಟು ದ ಲಾಬಿ’ (1957), ಅಮೆರಿಕದ ಚಿತ್ರಮಂದಿರಗಳ ಕಿರು ಜಾಹೀರಾತು. ನಿರ್ದೇಶಕ ಡೇವ್ ಫ್ಲೈಷರ್. ಪಾಪಾಯ್, ಬೆಟ್ಟಿ ಬೂಪ್ ಕಾರ್ಟೂನುಗಳಿಂದ ಹೆಸರಾದವರು. ಇಲ್ಲಿ ಪಾಪ್‌ಕಾರ್ನ್, ಮಿಠಾಯಿ, ಚ್ಯೂಯಿಂಗ್ ಗಮ್, ತಂಪು ಪಾನೀಯಗಳಿಗೇ ಕೈಕಾಲು ಮೂಡಿವೆ. ತಮ್ಮನ್ನು ತಾವೇ ಮಾರಿಕೊಳ್ಳಲು ಹಾಡುತ್ತ ಹೊರಟಿವೆ!

ಪೊಟ್ಟಣಗಳ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲದಿರುವುದನ್ನು ಗಮನಿಸಿ. ಇದು ಜಾಣ ವ್ಯಾಪಾರ: ಯಾವ ಊರಿನ ಚಿತ್ರಮಂದಿರವೂ ಇದರ ಒಂದು ಪ್ರತಿಯನ್ನು ಕೊಂಡು ತನ್ನದೇ ಎಂಬಂತೆ ತೋರಿಸಬಹುದಿತ್ತು. ಚಿತ್ರಮಂದಿರದ ಮಾಲೀಕರಿಗೆ ಇಂಥ ಜಾಹೀರಾತು ಬೇಕಿತ್ತು: ಟಿಕೆಟ್ ಹಣದಲ್ಲಿ ವಿತರಕರಿಗೆ ಪಾಲು ಹೋಗುತ್ತಿತ್ತು. ತಿಂಡಿಯ ಗಲ್ಲಾಪೆಟ್ಟಿಗೆ ಮಾತ್ರ ಮಾಲೀಕರದು. ಟಿವಿಯಿಂದಾಗಿ ಚಿತ್ರಮಂದಿರಗಳು ಪ್ರೇಕ್ಷಕರನ್ನು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಆ ಕಾಸಿಗೆ ಬೆಲೆಯಿತ್ತು. 2000ರಲ್ಲಿ ಈ ಜಾಹೀರಾತು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು.