ರಾವುತರ ನೆರೆಯ ಕಾವಲು

ಮಲ್ಲೇಶ್ವರದಿಂದ ಮೂಡಲಿಗೆ ಇಳಿದು ಮತ್ತೆ ಏರುವ ನೆಲದ ಮೇಲೆ, ಬಡಗಲಿಗೆ ಸ್ಯಾಂಕಿ ಕೆರೆಯನ್ನೂ ತೆಂಕಲಿಗೆ ಗುಟ್ಟಹಳ್ಳಿಯನ್ನೂ ಮೂಡಲಿಗೆ ಅರಮನೆಯ ವಿಶಾಲವಾದ ಬಯಲನ್ನೂ ನೆರೆಯಾಗಿ ಪಡೆದಿರುವ ವೈಯಾಲಿಕಾವಲ್, ಈಗ ನೋಡುವವರಿಗೆ ಬೆಂಗಳೂರಿನ ಸಂಭಾವಿತ ಬಡಾವಣೆಗಳಲ್ಲೊಂದು. ತಿರುಪತಿ ದೇವಸ್ಥಾನದವರ ಗುಡಿ, ತೆಲುಗು ವಿಜ್ಞಾನ ಸಮಿತಿಯ ಸಭಾಮಂದಿರ, ಕೂಗಳತೆಯ ದೂರದಲ್ಲಿ ಪಿಟೀಲಿನ ಆಕೃತಿಯ ಚೌಡಯ್ಯ ಸ್ಮಾರಕ ಭವನ, ಇವೇ ಇಂದು ದಾರಿ ಕೇಳುವವರಿಗೆ ಹೇಳುವ ಗುರುತುಗಳು. ಇವೆಲ್ಲವೂ ಈಚಿನವು. ಅರಸರ ಕುದುರೆಗಳು ವೈಹಾಳಿಗೆ, ಎಂದರೆ ಸವಾರಿಯ ವಿಹಾರಕ್ಕೆ, ಬರುತ್ತಿದ್ದ ಹುಲ್ಲುನೆಲ ಇದೆಂಬುದು ಊರಿನವರ ಹೇಳಿಕೆ. 1873ರಲ್ಲಿ, ಇಂದಿನ ಅರಮನೆಯ ನೆಲೆಯಾದ ಪಕ್ಕದ ಬಂಗಲೆಯೂ ತೋಟವೂ ಮೈಸೂರು ಅರಸುಮನೆತನದ ವಶಕ್ಕೆ ಬಂದುದನ್ನು ನೆನೆದರೆ ಆ ಹೇಳಿಕೆಯನ್ನು ನಂಬಲು ಅಡ್ಡಿಯೇನೂ ತೋರುವುದಿಲ್ಲ.

ಕುದುರೆಯೆಂದಮೇಲೆ ರಾವುತನಿರಬೇಕು, ರಾವುತನಿಗೊಂದು ಮನೆಯಿರಬೇಕು. ಬ್ರಿಟಿಷರೊಡನಾದ 1807ರ ಒಪ್ಪಂದದ ಮೇರೆಗೆ ಮೈಸೂರು ಸಂಸ್ಥಾನವು ನಾಲ್ಕು ಸಾವಿರ ಕುದುರೆಸವಾರರನ್ನು ಸಾಕಬೇಕಾಗಿದ್ದಿತು. ಇವರಲ್ಲಿ ಸ್ವಂತ ಕುದುರೆಯೊಡನೆ ನೌಕರಿಗೆ ಬಂದವನು ಸಿಲ್ಲೇದಾರ. ಪರರ ಕುದುರೆಯನ್ನೇರಿ ದುಡಿಯುವವನು ಬಾರಗೀರ. ಸಿಲ್ಲೇದಾರನಿಗೆ ಕುದುರೆಯೇ ಆಸ್ತಿ; ಅದು ಸತ್ತರೆ ಮನೆಗೆ ಮನೆಯೇ ಬಾರಗೀರಿಕೆಗೆ ಇಳಿಯಬೇಕು. ಇಂತಹ ಮನೆತನಗಳ ಪರಂಪರೆಯ ಮೇಲೆಯೇ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿಧಾರಿ ಅಶ್ವದಳ ಕಟ್ಟಲ್ಪಟ್ಟಿತು. ಅದರ ಬೀಡು ಅರಮನೆಯ ಆಚೆಗೆ, ಇಂದಿನ ಜೆ.ಸಿ. ನಗರ, ಮುನಿರೆಡ್ಡಿಪಾಳ್ಯಗಳ ಕಡೆಗೆ. ಅರಸು ಮನೆತನದವರು, ಮರಾಠರು, ಮುಸಲ್ಮಾನರು ಒಂದೇ ಸಾಲಿನಲ್ಲಿ ನಿಂತು ಕುದುರೆಗಳಿಗೆ ಮಾಲೀಷು ಮಾಡಿ, ಬೇಯಿಸಿ ಆರಿಸಿದ ಹುರುಳಿಯನ್ನು ತಿನ್ನಿಸುತ್ತಿದ್ದ ಆ ಲಾಯಗಳ ಭಾಷೆ ಕನ್ನಡ, ಮರಾಠಿ, ದಖನಿಗಳ ಒಂದು ಹದವಾದ ಬೆರಕೆಯಾಗಿದ್ದಿರಬೇಕು.

1914ರ ಯುದ್ಧ ಹೊತ್ತಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು ಐವತ್ತು ಲಕ್ಷ ರೂಪಾಯಿಗಳನ್ನು ಕೊಟ್ಟರು. ಅದೇ ಅಕ್ಟೋಬರಿನಲ್ಲಿ ಲ್ಯಾನ್ಸರ್ಸ್ ದಳವು ಬೆಂಗಳೂರನ್ನು ಬಿಟ್ಟಿತು. ಕೆಲವು ತಿಂಗಳ ಮಾತೆಂದು ಹೊರಟವರು ಸೂಯೆಜ್ ಕಾಲುವೆಯ ದಂಡೆಯ ಮರಳಿನಲ್ಲಿ ವರ್ಷಗಟ್ಟಲೆ ಗಸ್ತು ತಿರುಗಿದರು. ಹುರುಳಿಯನ್ನುಂಡು ಬೆಳೆದ ಕುದುರೆಗಳಿಗೆ ಅಲ್ಲಿ ಜವೆಗೋದಿ ಮತ್ತು ಸೈನಿಕರು ತಿಬ್ಬನ್ ಎಂದು ಕರೆಯುತ್ತಿದ್ದ ಕೊಚ್ಚಿದ ಹುಲ್ಲೇ ಗತಿ. ಸವಾರನಿಗಿಂತ ಮೊದಲು ಪರದೇಶದ ಕಷ್ಟವನ್ನು ಕಂಡದ್ದು ಅವನ ಕುದುರೆಯ ಹೊಟ್ಟೆಯೆಂದರೂ ಸಲ್ಲುತ್ತದೆ.

ಆ ದಳದ ಹೆಸರು ಜಗತ್ತಿಗೆ ತಿಳಿದದ್ದು 1918ರ ಸೆಪ್ಟೆಂಬರ್ 23ರಂದು, ತುರ್ಕರ ವಶದಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾ ಪಟ್ಟಣದಲ್ಲಿ. ಒಂದು ಕಡೆ ಕಿಶೋನ್ ಹೊಳೆಯ ಕೆಸರು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟದ ಕಡಿದಾದ ಏರು. ನಡುವಣ ಇಕ್ಕಟ್ಟಾದ ದಾರಿಯ ಮೇಲೆ ಬೆಟ್ಟದ ಫಿರಂಗಿಗಳ ಕಣ್ಣು. ಜೊತೆಯಲ್ಲಿದ್ದ ಜೋಧಪುರ ಸಂಸ್ಥಾನದ ಸವಾರರು ಪಟ್ಟಣಕ್ಕೆ ನುಗ್ಗಬೇಕಾದರೆ ಆ ಫಿರಂಗಿಗಳ ಬಾಯಿ ಮುಚ್ಚಬೇಕಾಗಿದ್ದಿತು. ಆ ಕೆಲಸ ಮೈಸೂರಿನವರ ಪಾಲಿಗೆ ಬಂದಿತು. ಆಡಿನ ಜಾಡಿನಂತಹ ಕಾಲುದಾರಿಯಲ್ಲಿ ಹತ್ತುವಾಗ ಕುದುರೆಗಳು ಒಂದೊಂದಾಗಿ ಸೋತು ನಿಂತು, ಮೇಲಕ್ಕೆ ಮುಟ್ಟುವ ವೇಳೆಗೆ ಏರಿಹೋಗಲು ಶಕ್ತರಾಗಿ ಉಳಿದವರು ಕೆಲವೇ ಮಂದಿ. ಆ ಕೆಲವರೇ ಭರ್ಜಿ ಹಿಡಿದು ಫಿರಂಗಿಗಳ ಮೇಲೆ ಬಿದ್ದರು. ಸಂಜೆಯ ಹೊತ್ತಿಗೆ ಊರು ಕೈವಶವಾಗಿ, 1350 ಮಂದಿ ಸೆರೆಯಾಳುಗಳೂ 17 ಫಿರಂಗಿಗಳೂ ದೊರೆತುವು. ಇಡೀ ಕಾಳಗದಲ್ಲಿ ಮಡಿದವರು 8 ಜನ, ಗಾಯಗೊಂಡವರು 34. ಸತ್ತ ಕುದುರೆಗಳು 60. ಈ ಲೆಕ್ಕವನ್ನು ಸಿಲ್ಲೇದಾರನ ಮನೆಯ ಮುದುಕನೊಬ್ಬನು ಓದಿದ್ದರೆ ಕಡೆಯ ಅಂಕಿಯ ಬಳಿ ಕೊಂಚ ಹೊತ್ತು ತಡೆಯುತ್ತಿದ್ದನು.

ಅಕ್ಟೋಬರ್ 26ರಂದು ಅಲೆಪ್ಪೋ ನಗರದಾಚೆಯ ಹರಿತಾನ್ ಎಂಬಲ್ಲಿ ಇದೇ ದಳಕ್ಕೆ ಇನ್ನೊಂದು ಕಾಳಗ ಒದಗಿತು. ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅದಾದ ನಾಲ್ಕೇ ದಿನಕ್ಕೆ. ಆ ನಾಲ್ಕು ದಿನಗಳ ಅಂತರವನ್ನು ಸತ್ತವರ ಮನೆಯವರು ಹೇಗೆ ಎಣಿಸಿದರೋ!

ಆದರೆ ಈ ಭಾಗದ ಚರಿತ್ರೆಯನ್ನು ಬರೆಯುವವನು ಹೈಫಾದಲ್ಲಿಯೇ ನಿಂತುಬಿಡಲಾಗದು. ಅದೇ ಅಕ್ಟೋಬರಿನಲ್ಲಿ ಇನ್‌ಫ್ಲುಯೆಂಜಾ ಜ್ವರವು ಬೆಂಗಳೂರಿನ ಬೀದಿಬೀದಿಗಳನ್ನು ಸುತ್ತುತ್ತಿದ್ದಿತು. 1898ರ ಪ್ಲೇಗು ಬಂದಾಗ ಜನ ಪೇಟೆಯನ್ನು ತೊರೆದು ಬಯಲಿಗೆ ಓಡಿಬಂದುದರಿಂದ ಮಲ್ಲೇಶ್ವರವು ಬೆಳೆದುಕೊಂಡಿತು. ಈ ಜ್ವರಕ್ಕಾದರೋ ಪೇಟೆಯೂ ಒಂದೇ, ಬಯಲೂ ಒಂದೇ. ಮುದುಕರನ್ನು ಬಿಟ್ಟು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನೇ ಆರಿಸಿಕೊಂಡಂತೆ ಬಂದ ಆ ಬೇನೆಗೆ ನಮ್ಮ ದೇಶದಲ್ಲಿ ಗಂಡಸರಿಗಿಂತಲೂ ಹೆಚ್ಚಾಗಿ ಹೆಂಗಸರು ಬಲಿಯಾದರು. ರೋಗಿಯ ಮಗ್ಗುಲಲ್ಲಿ ಕೂತು ಗಂಜಿ ಕುಡಿಸಿದವರೇ ಮರುದಿನ ಹಾಸಿಗೆ ಹಿಡಿದರು. ಹೀಗಾಗಿ ಗುಂಡಿನ ಎದುರಿಗೆ ಹೋದ ಸವಾರನು ಬದುಕಿರಲು, ಅವನ ಕ್ಷೇಮಕ್ಕೆ ಹರಕೆ ಹೊತ್ತು ಮನೆಯಲ್ಲಿದ್ದವಳೇ ಇಲ್ಲವಾದದ್ದು ಆ ಕಾಲದಲ್ಲಿ ಅಪರೂಪದ ಸಂಗತಿಯಾಗಿರಲಾರದು. 1920ರಲ್ಲಿ ದಳವು ಹಿಂದಿರುಗಿತು. ಅವರ ಪದಕಗಳ ವಿಚಾರ ದಾಖಲೆಗಳಲ್ಲಿದೆ. ಐದು ವರ್ಷಗಳ ಮೇಲೆ ಅವರು ಕಂಡ ಹಿತ್ತಿಲು, ಒಲೆ, ತಮ್ಮನ್ನು ಗುರುತಿಸದ ಮಕ್ಕಳು, ಇವು ಯಾವ ದಾಖಲೆಗೂ ಸೇರಿಲ್ಲ. ಯುದ್ಧವು ಮನೆಯ ಗಂಡಸನ್ನು ಕೊಂಡೊಯ್ಯುವುದೆಂದೇ ನಾವು ಎಣಿಸುತ್ತೇವೆ. ಅದು ಗಂಡಸನ್ನು ಉಳಿಸಿ ಮನೆಯನ್ನು ಕೊಂಡೊಯ್ದ ಬಗೆಯನ್ನು ಯಾವ ಸ್ಮಾರಕದ ಮೇಲೆ ಕೆತ್ತುವುದು?

ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನ ಪದಾತಿದಳದ ಪಾಲಿಗೆ ಬಂದದ್ದು ಬೇರೊಂದು ಬಗೆಯ ಕಾಯುವಿಕೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಅದರ ಮೊದಲನೆಯ ದಳವು ಜಪಾನೀಯರ ಸೆರೆಗೆ ಸಿಕ್ಕಿತು. ಮೂರೂವರೆ ವರ್ಷಗಳ ಕಾಲ, ಇಲ್ಲಿನ ಮನೆಗಳಲ್ಲಿ ಹಣೆಯ ಕುಂಕುಮವನ್ನು ಇಟ್ಟುಕೊಳ್ಳುವುದೋ ಬಿಡುವುದೋ ಹೇಳುವವರಿಲ್ಲದೆ ಹೋಯಿತು.

ಸ್ಮಾರಕಗಳಿಗೇನೂ ಕೊರತೆಯಿಲ್ಲ. ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ದಳದ ಸ್ತಂಭವೊಂದಿದೆ. ದಿಲ್ಲಿಯ ತೀನ್ ಮೂರ್ತಿಯಲ್ಲಿ 1922ರಿಂದಲೂ ಹೈದರಾಬಾದು, ಜೋಧಪುರ, ಮೈಸೂರುಗಳ ಹೆಸರಿನಲ್ಲಿ ಮೂವರು ಕಂಚಿನ ಸವಾರರು ನಿಂತಿದ್ದಾರೆ. ಅವರಲ್ಲಿ ನಮ್ಮವನು ಯಾವನೆಂದು ದಾರಿಹೋಕರನ್ನು ಕೇಳಿದರೆ ಉತ್ತರ ಬರುವುದು ಕಷ್ಟ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನುಗಳಲ್ಲಿ ಮಡಿದ ಭಾರತೀಯ ಸೈನಿಕರಿಗಾಗಿ ಪೋರ್ಟ್ ತೌಫೀಕಿನಲ್ಲಿ 1926ರಲ್ಲಿ ಎತ್ತಿದ ಸ್ಮಾರಕವು ಮುಂದೆ ಈಜಿಪ್ಟ್, ಇಸ್ರೇಲುಗಳ ಕದನಗಳಲ್ಲಿ ಸಿಕ್ಕಿ ಹಾಳಾಯಿತು. ಹೆಸರುಗಳನ್ನು ಕೈರೋ ಬಳಿಯ ಹೆಲಿಯೋಪೊಲಿಸಿಗೆ 1980ರಲ್ಲಿ ಸಾಗಿಸಬೇಕಾಯಿತು. ಲ್ಯಾನ್ಸರ್ಸ್ ದಳವೂ ಸ್ವಾತಂತ್ರ್ಯಾನಂತರ ಬೇರೆ ಸಂಸ್ಥಾನಗಳ ಅಶ್ವದಳಗಳೊಡನೆ ಕೂಡಿ, 1953ರಲ್ಲಿ ಭಾರತೀಯ ಸೈನ್ಯದ 61ನೆಯ ಕ್ಯಾವಲ್ರಿಯೊಳಗೆ ಲೀನವಾಯಿತು. ಆ ದಳದ ನೆಲೆ ಜಯಪುರ. ಹೈಫಾ ದಿನವನ್ನು ಈಗಲೂ ಅವರು ಆಚರಿಸುತ್ತಾರೆ.